ಮುಂದಿನ ಆಟದ ತನಕ ಕಥೆ ಎಲ್ಲಿರುತ್ತದೆ?

ಮೇಜಿನ ಸುತ್ತ ಕೂತು, ದಾಳ ಉರುಳಿಸಿ, ಬರೀ ಮಾತಿನಲ್ಲಿ ಕಟ್ಟುವ ಲೋಕ ಅದು. ಅದಕ್ಕೆ ರಂಗವಿಲ್ಲ, ಪರದೆಯಿಲ್ಲ. ಆಟ ನಿಲ್ಲಿಸಿ ಎಲ್ಲರೂ ಮನೆಗೆ ಹೊರಟ ಮೇಲೆ ಅದು ಉಳಿಯುವುದು ಒಂದು ನೋಟ್‌ಬುಕ್ಕಿನಲ್ಲಿ ಮಾತ್ರ. ಐವತ್ತು ವರ್ಷ ದಾಟಿದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಟದ ಚರಿತ್ರೆಯಲ್ಲಿ ಅರ್ಧ ಆಡಿದವರದ್ದು, ಇನ್ನರ್ಧ ಬರೆದಿಟ್ಟವರದ್ದು!

ಭಾನುವಾರ ರಾತ್ರಿ. ಜಯನಗರದ ಒಂದು ಮನೆಯ ಮೂರನೇ ಮಹಡಿ. ಊಟದ ಮೇಜಿನ ಮೇಲೆ ಚೌಕುಳಿ ಹಾಳೆ ಹಾಸಿದೆ. ಅದರ ಮೇಲೆ ನೀಲಿ ಮಾರ್ಕರ್‌ನಲ್ಲಿ ಗೀಚಿದ ನದಿ, ನದಿಗೊಂದು ಸೇತುವೆ, ಸೇತುವೆಯ ಈಚೆ ತುದಿಯಲ್ಲಿ ಐದು ಪ್ಲಾಸ್ಟಿಕ್ ಗೊಂಬೆಗಳು. ಚುರುಮುರಿ ತಟ್ಟೆ ಖಾಲಿಯಾಗಿದೆ. ಇಪ್ಪತ್ತು ಮುಖದ ದಾಳವೊಂದು ಉರುಳುತ್ತಾ ಹೋಗಿ ನೀರಿನ ಲೋಟಕ್ಕೆ ತಾಗಿ ನಿಂತಿತು. ಹತ್ತೊಂಬತ್ತು! ಸೇತುವೆ ಕಾಯುತ್ತಿದ್ದ ದೈತ್ಯ ದೊಪ್ಪೆಂದು ನೀರಿಗೆ ಬಿದ್ದ. ಕೂಗು, ಚಪ್ಪಾಳೆ, ಶಿಳ್ಳೆ.

“ಮುಂದಿನ ವಾರ ಇಲ್ಲಿಂದಲೇ ಶುರು” ಎಂದು ಎಲ್ಲರೂ ದಾಳಗಳನ್ನು ಚೀಲಕ್ಕೆ ತುಂಬಿಕೊಂಡು ಎದ್ದರು.

ಮುಂದಿನ ವಾರ ಹಾಸನದಲ್ಲಿ ಒಬ್ಬನ ತಂಗಿಯ ನಿಶ್ಚಿತಾರ್ಥ. ಅದರ ಮುಂದಿನ ವಾರ ಇನ್ನೊಬ್ಬನ ಆಫೀಸಿನಲ್ಲಿ ರಿಲೀಸ್. ಆಮೇಲೆ ಪರೀಕ್ಷೆ, ಊರ ಜಾತ್ರೆ, ಸಾಲು ಸಾಲು ಮದುವೆ. ಮತ್ತೆ ಅದೇ ಮೇಜಿನ ಸುತ್ತ ಆರು ಜನ ಕೂಡುವಷ್ಟರಲ್ಲಿ ಮಳೆಗಾಲ.

“ಎಲ್ಲಿದ್ವಿ ನಾವು?”

“ಸೇತುವೆ ಹತ್ರ. ದೈತ್ಯನ್ನ ನಾನೇ ಅಲ್ವಾ ತಳ್ಳಿದ್ದು? ಹತ್ತೊಂಬತ್ತು ಬಿದ್ದಿತ್ತು.”

“ಅದು ಸರಿ ಕಣೋ. ಸೇತುವೆ ಯಾಕೆ ದಾಟ್ತಾ ಇದ್ವಿ?”

ಯಾರಿಗೂ ಗೊತ್ತಿಲ್ಲ. ಹೊಡೆದಾಟದ ಒಂದೊಂದು ಏಟೂ ನೆನಪಿದೆ, ಹೊಡೆದಾಡಿದ್ದು ಯಾತಕ್ಕೆಂಬುದು ಮರೆತಿದೆ. ಆಟ ನಡೆಸುವಾಕೆ ನೋಟ್‌ಬುಕ್ ತೆರೆದಳು. ಅಂದಿನ ತಾರೀಖಿನ ಕೆಳಗೆ ಅಡಿಗೆರೆ ಎಳೆದದ್ದು ಒಂದೇ ಸಾಲಿಗೆ: ‘ದೋಣಿ ಅಜ್ಜಿಯ ಮಗನನ್ನು ಹುಣ್ಣಿಮೆಯೊಳಗೆ ಕರೆತರುತ್ತೇನೆಂದು ಕಳ್ಳಿ ಮಾತು ಕೊಟ್ಟಿದ್ದಾಳೆ.’

ಕಳ್ಳಿಯ ಪಾತ್ರ ಆಡುವ ಹುಡುಗಿ ತಲೆ ಮೇಲೆ ಕೈ ಹೊತ್ತಳು. “ಅಯ್ಯೋ, ಹೌದಲ್ವಾ! ಹುಣ್ಣಿಮೆಗೆ ಇನ್ನೆಷ್ಟು ದಿನ ಇದೆ?”

“ನಾಲ್ಕು.”

ಐದೂ ಜನ ಕುರ್ಚಿಯನ್ನು ಮೇಜಿನ ಹತ್ತಿರ ಎಳೆದುಕೊಂಡರು. ಆ ಮೇಜಿನಲ್ಲಿ ನಾನೂ ಒಬ್ಬ ಆಟಗಾರ. ಒಂದು ಆಟಕ್ಕೂ ಮುಂದಿನ ಆಟಕ್ಕೂ ನಡುವೆ ಬರೆದಿಡುವ ಇಂಥ ಸಾಲುಗಳ ಮೇಲೆ ನನಗೆ ಪ್ರೀತಿ ಹುಟ್ಟಿದ್ದು ಅಂದೇ. ಈ ಲೇಖನ ಅವುಗಳ ಬಗ್ಗೆ.

ಪ್ರಸಂಗವೇ ಇಲ್ಲದ ಕೂಟ

‘ಸ್ಟ್ರೇಂಜರ್ ಥಿಂಗ್ಸ್’ ನೋಡಿದವರಿಗೆ ಈ ಆಟದ ಪರಿಚಯವಿದೆ. 2016ರಲ್ಲಿ ಬಂದ ಅದರ ಮೊದಲ ಕಂತಿನಲ್ಲೇ ನಾಲ್ವರು ಹುಡುಗರು ನೆಲಮಾಳಿಗೆಯಲ್ಲಿ ಕೂತು ಆಡುತ್ತಿರುತ್ತಾರೆ. ನೋಡದವರಿಗೆ ತಾಳಮದ್ದಳೆಯ ಕೂಟವೊಂದನ್ನು ನೆನಪಿಸಿದರೆ ಸಾಕು. ವೇಷವಿಲ್ಲ, ಕುಣಿತವಿಲ್ಲ. ಕೂತಲ್ಲೇ ಕೂತು ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಆಶುವಾಗಿ ಮಾತಾಡುತ್ತಾರೆ. ನಡುವೆ ಕೂತು ಎಲ್ಲವನ್ನೂ ನಡೆಸುವವರೊಬ್ಬರು ಇರುತ್ತಾರೆ. ಅವರಿಗೆ ಇಲ್ಲಿ ಡಂಜನ್ ಮಾಸ್ಟರ್ ಎಂದು ಹೆಸರು, ಆಡುವವರ ಬಾಯಲ್ಲಿ ಡಿಎಂ. ಊರು, ಕಾಡು, ಅಂಗಡಿಯವನು, ರಾಜ, ರಾಕ್ಷಸ, ಗಾಳಿ, ಮಳೆ ಎಲ್ಲವೂ ಡಿಎಂ ಬಾಯಿಂದಲೇ ಬರಬೇಕು. ಗೆದ್ದರೋ ಸೋತರೋ ಎಂಬ ಅನುಮಾನ ಬಂದಲ್ಲಿ ದಾಳ ತೀರ್ಮಾನಿಸುತ್ತದೆ.

ತಾಳಮದ್ದಳೆಯಲ್ಲಿ ಪ್ರಸಂಗ ಮೊದಲೇ ಗೊತ್ತಿರುತ್ತದೆ. ಅರ್ಥಧಾರಿ ಎಷ್ಟೇ ವಾದಿಸಲಿ, ಕರ್ಣ ಕೊನೆಗೆ ಬೀಳಲೇಬೇಕು. ಇಲ್ಲಿ ಪ್ರಸಂಗವೇ ಇಲ್ಲ. ಮುಂದೇನೆಂದು ಡಿಎಂಗೂ ತಿಳಿಯದು. ಆಟ ಒಂದು ಸಂಜೆಗೆ ಮುಗಿಯುವುದೂ ಇಲ್ಲ. ವಾರಕ್ಕೊಮ್ಮೆಯೋ ತಿಂಗಳಿಗೊಮ್ಮೆಯೋ ಸೆಷನ್ ನಡೆಯುತ್ತಾ ಕಥೆ ವರ್ಷಗಟ್ಟಲೆ ಬೆಳೆಯುತ್ತದೆ. ಆ ಇಡೀ ಓಟಕ್ಕೆ ಕ್ಯಾಂಪೇನ್ ಎನ್ನುತ್ತಾರೆ.

ಹೀಗಾಗಿ ಕ್ಯಾಂಪೇನಿಗೆ ಮೂಲಗ್ರಂಥವಿಲ್ಲ. ಮರೆತರೆ ಹಿಂತಿರುಗಿ ನೋಡಲು ಯಾವ ಪುಸ್ತಕವೂ ಸಿಗದು. ನಿಯಮದ ಪುಸ್ತಕಗಳಲ್ಲಿ ಕತ್ತಿ ಏಟಿಗೆಷ್ಟು ಗಾಯವೆಂದು ಇದ್ದೀತು, ದೋಣಿ ಅಜ್ಜಿಗೆ ಯಾರು ಏನು ಮಾತು ಕೊಟ್ಟರೆಂದು ಇರಲಾರದು. ಅದನ್ನು ಆಡಿದವರೇ ಬರೆದಿಡಬೇಕು. ಇಲ್ಲದಿದ್ದರೆ ಅದು ನಡೆದೇ ಇಲ್ಲ.

ಕೋಟೆ ಬಿದ್ದಾಗ ವೀರರು ಎಲ್ಲಿದ್ದರು?

ಅಮೆರಿಕದ ಮಿನೆಸೋಟ ರಾಜ್ಯದ ಅವಳಿ ನಗರಗಳಲ್ಲಿ, ಅಂದರೆ ಮಿನಿಯಾಪೊಲಿಸ್ ಮತ್ತು ಸೇಂಟ್ ಪಾಲ್‌ನಲ್ಲಿ, 1970ರ ಹೊತ್ತಿಗೆ ಯುದ್ಧದಾಟದ ಹುಚ್ಚಿನ ಯುವಕರ ಗುಂಪೊಂದಿತ್ತು. ನೆಪೋಲಿಯನ್ ಕಾಲದ ಸೈನಿಕರ ಪುಟ್ಟ ಗೊಂಬೆಗಳನ್ನು ಮೇಜಿನ ಮೇಲೆ ನಿಲ್ಲಿಸಿ ಕಾದಾಡುವುದು ಅವರ ಹವ್ಯಾಸ. ಅವರಲ್ಲಿ ಡೇವ್ ಆರ್ನೆಸನ್ ಎಂಬ ವಿದ್ಯಾರ್ಥಿ 1971ರಲ್ಲಿ ಹೊಸದೊಂದು ಆಟ ಶುರುಮಾಡಿದ. ಪಡೆಗಳ ಬದಲು ಒಬ್ಬೊಬ್ಬರು ಒಂದೊಂದು ಮನುಷ್ಯಪಾತ್ರವಾಗಬೇಕು, ಬ್ಲ್ಯಾಕ್‌ಮೂರ್ ಎಂಬ ಕಲ್ಪನೆಯ ಸೀಮೆಯಲ್ಲಿ ಬದುಕಬೇಕು.

ಆರ್ನೆಸನ್ ಆಟ ನಡೆಸಿ ಸುಮ್ಮನಾಗುತ್ತಿರಲಿಲ್ಲ. ‘ಬ್ಲ್ಯಾಕ್‌ಮೂರ್ ಗೆಜೆಟ್ ಅಂಡ್ ರೂಮರ್‌ಮಾಂಗರ್’ ಎಂಬ ಸುದ್ದಿಪತ್ರಿಕೆಯನ್ನೂ ಹೊರಡಿಸುತ್ತಿದ್ದ. ಇಲ್ಲದ ಊರಿನ ಸುದ್ದಿ, ಗಾಳಿಮಾತು, ಯಾರ್‍ಯಾರು ಏನೇನು ಮಾಡಿದರೆಂಬ ವರದಿ ಅದರಲ್ಲಿ ಬರುತ್ತಿತ್ತು. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ ಹೆಸರು ಹುಟ್ಟುವ ಮೊದಲೇ ಆ ಬಗೆಯ ಆಟಕ್ಕೆ ಪತ್ರಿಕೆ ಇತ್ತು!

ಆರ್ನೆಸನ್‌ನ ಜಗತ್ತು ಆಟಗಾರರು ನೋಡದಿದ್ದಾಗಲೂ ನಡೆಯುತ್ತಿತ್ತು. ಅವನ ಆಟಗಾರರು ಕೋಟೆಯ ಕೆಳಗಿನ ಸುರಂಗಗಳಲ್ಲಿ ಚಿನ್ನ ಹುಡುಕುವುದರಲ್ಲೇ ಮೈಮರೆತರು. ಮೇಲೆ ಶತ್ರುಗಳು ಬಂದು ಬ್ಲ್ಯಾಕ್‌ಮೂರ್ ಕೋಟೆಯನ್ನೇ ಹಿಡಿದರು. ಕಾಯಬೇಕಾದವರು ಕಾಯಲಿಲ್ಲವೆಂಬ ಆರೋಪ ಹೊತ್ತು ವೀರರೆಲ್ಲ ಲಾಕ್ ಗ್ಲೂಮೆನ್ ಎಂಬ ದೂರದ ಸರೋವರದ ದಂಡೆಗೆ ಗಡೀಪಾರಾದರು. 1977ರಲ್ಲಿ ಆರ್ನೆಸನ್ ತನ್ನ ಟಿಪ್ಪಣಿಗಳನ್ನು ‘ದಿ ಫಸ್ಟ್ ಫ್ಯಾಂಟಸಿ ಕ್ಯಾಂಪೇನ್’ ಎಂಬ ಪುಸ್ತಕವಾಗಿ ಪ್ರಕಟಿಸಿದ್ದರಿಂದ ಇವೆಲ್ಲ ಇಂದಿಗೂ ಓದಲು ಸಿಗುತ್ತವೆ. ಓದುವಾಗ ಆಟದ ದಾಖಲೆ ಎನಿಸುವುದಿಲ್ಲ, ಯಾವುದೋ ಸಂಸ್ಥಾನದ ಕಡತ ಬಿಚ್ಚಿದ ಹಾಗಿರುತ್ತದೆ.

1972ರಲ್ಲಿ ಆರ್ನೆಸನ್ ಈ ಆಟವನ್ನು ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಪುಟ್ಟ ಊರಿಗೆ ಒಯ್ದು ಗ್ಯಾರಿ ಗೈಗ್ಯಾಕ್ಸ್‌ಗೆ ತೋರಿಸಿದ. ವಿಮಾ ಕಂಪನಿಯ ಕೆಲಸ ಹೋಗಿ, ಮನೆಯಲ್ಲೇ ಚಪ್ಪಲಿ ಬೂಟು ರಿಪೇರಿ ಮಾಡುತ್ತಾ ಸಂಸಾರ ನಡೆಸುತ್ತಿದ್ದ ಗೈಗ್ಯಾಕ್ಸ್ ಆಟಕ್ಕೆ ಮರುಳಾದ. ತಾನೇ ಗ್ರೇಹಾಕ್ ಎಂಬ ಕೋಟೆ ಕಟ್ಟಿ ಮೊದಲು ತನ್ನ ಮಕ್ಕಳಾದ ಅರ್ನಿ ಮತ್ತು ಎಲೀಸ್‌ಗೆ ಆಡಿಸಿದ. 1974ರ ಜನವರಿಯಲ್ಲಿ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಹೆಸರಿನಲ್ಲಿ ಮೂರು ಪುಟ್ಟ ಪುಸ್ತಕಗಳ ಪೆಟ್ಟಿಗೆಯೊಂದು ಹೊರಬಂತು, ಬೆಲೆ 10 ಡಾಲರ್. ಮೊದಲ ಮುದ್ರಣ 1,000 ಪ್ರತಿ. ಐವತ್ತು ವರ್ಷ ತುಂಬಿದಾಗ, 2024ರಲ್ಲಿ, ಅಮೆರಿಕದ ಅಂಚೆ ಇಲಾಖೆ ಆ ಆಟದ ಹೆಸರಿನಲ್ಲಿ ಅಂಚೆಚೀಟಿಗಳನ್ನೇ ತಂದಿತು.

> ನಕ್ಷೆ ತಪ್ಪಿದರೆ ಜೀವ ಹೋಯಿತು
>
> ಹಳೆಯ ಕಾಲದ ಆಟಗಳಲ್ಲಿ ನಕ್ಷೆ ಬರೆಯುವುದಕ್ಕೆಂದೇ ಒಬ್ಬ ಆಟಗಾರನನ್ನು ನೇಮಿಸುತ್ತಿದ್ದರು. 1981ರಲ್ಲಿ ಟಾಮ್ ಮೋಲ್ಡ್‌ವೇ ಸಂಪಾದಿಸಿದ ನಿಯಮಪುಸ್ತಕವೂ ಇದನ್ನೇ ಸಲಹೆ ಮಾಡುತ್ತದೆ. “ಮೂವತ್ತು ಅಡಿ ನೇರ, ಆಮೇಲೆ ಎಡಕ್ಕೆ ತಿರುವು” ಎಂದು ಡಿಎಂ ಹೇಳುತ್ತಾ ಹೋದಂತೆ ಅವನು ಗ್ರಾಫ್ ಹಾಳೆಯಲ್ಲಿ ಗೆರೆ ಎಳೆಯಬೇಕು. ಬೆನ್ನಟ್ಟಿ ಬರುವ ರಾಕ್ಷಸನಿಂದ ಓಡುವಾಗ ದಾರಿ ತೋರಿಸುವುದು ಆ ಹಾಳೆ ಮಾತ್ರ. ಒಂದು ತಿರುವು ತಪ್ಪಾಗಿ ಬರೆದಿದ್ದರೆ ಇಡೀ ತಂಡ ಗೋಡೆಗೆ ಬಂದು ನಿಲ್ಲುತ್ತಿತ್ತು.

ಇಲ್ಲಿ ಒಂದು ದಿನ, ಅಲ್ಲೂ ಒಂದು ದಿನ

1979ರಲ್ಲಿ ಗೈಗ್ಯಾಕ್ಸ್ ಡಂಜನ್ ಮಾಸ್ಟರ್‌ಗಳಿಗೆಂದೇ ದಪ್ಪನೆಯ ಕೈಪಿಡಿ ಬರೆದ. ಅದರಲ್ಲಿ ಒಂದು ವಾಕ್ಯವನ್ನು ಇಡಿಯಾಗಿ ದೊಡ್ಡ ಅಕ್ಷರಗಳಲ್ಲೇ ಅಚ್ಚುಹಾಕಿಸಿದ. ಕಾಲದ ಲೆಕ್ಕವನ್ನು ಕಟ್ಟುನಿಟ್ಟಾಗಿ ಇಡದ ಕ್ಯಾಂಪೇನಿಗೆ ಅರ್ಥವೇ ಇರದು ಎನ್ನುವುದು ಅದರ ಸಾರ. ಇಂದಿನ ಆಟಗಾರರಿಗೆ ಇದು ಅತಿಯಾಯಿತು ಅನಿಸುತ್ತದೆ. ಅವನ ಮೇಜಿನ ಸುತ್ತ ಎಷ್ಟು ಜನ ಇದ್ದರೆಂದು ತಿಳಿದರೆ ಹಾಗನಿಸದು.

1974ರ ನಿಯಮಪುಸ್ತಕದ ಪ್ರಕಾರ ಒಂದು ಕ್ಯಾಂಪೇನಿನಲ್ಲಿ ನಾಲ್ಕರಿಂದ ಐವತ್ತು ಜನ ಆಡಬಹುದು! ಎಲ್ಲರೂ ಒಟ್ಟಿಗೆ ಬರುತ್ತಿರಲಿಲ್ಲ. ಇಂದು ನಾಲ್ವರು, ನಾಳೆ ಬೇರೆ ಆರು ಮಂದಿ. ಜಗತ್ತು ಮಾತ್ರ ಒಂದೇ. ಸೋಮವಾರ ಬಂದವರು ಗುಹೆಯ ನಿಧಿ ದೋಚಿದ್ದರೆ ಗುರುವಾರದವರಿಗೆ ಸಿಗುವುದು ಖಾಲಿ ಪೆಟ್ಟಿಗೆ. ಗಾಯಗೊಂಡ ವೀರನಿಗೆ ವಿಶ್ರಾಂತಿ ಬೇಕು, ದಿನಕ್ಕೆ ಒಂದಂಕದಂತೆ ಮಾತ್ರ ಗಾಯ ಮಾಯುತ್ತದೆ. ಮಂತ್ರವಾದಿ ಹೊಸ ಮಂತ್ರ ಕಲಿಯಲು ವಾರಗಳು, ಕೋಟೆ ಕಟ್ಟಿಸುವವನಿಗೆ ತಿಂಗಳುಗಳು ಬೇಕು. ಯಾರು ಯಾವ ದಿನ ಎಲ್ಲಿದ್ದರೆಂಬ ಲೆಕ್ಕವಿಲ್ಲದಿದ್ದರೆ ಜಗಳವೇ.

ಅದಕ್ಕೆ ಗೈಗ್ಯಾಕ್ಸ್ ಕಂಡುಕೊಂಡ ದಾರಿ ಸರಳವಾಗಿತ್ತು. ಆಟ ನಡೆಯದ ದಿನಗಳಲ್ಲಿ ನಮ್ಮ ಒಂದು ದಿನ ಕಳೆದರೆ ಅಲ್ಲೂ ಒಂದು ದಿನ ಕಳೆದಂತೆ. ನೀವು ಎರಡು ವಾರ ಬರದಿದ್ದರೆ ನಿಮ್ಮ ಪಾತ್ರವೂ ಎರಡು ವಾರ ಛತ್ರದಲ್ಲಿ ಉಂಡು ಮಲಗಿದೆ, ಖರ್ಚು ಬರೆದುಕೊಳ್ಳಿ. ನನಗಿದು ಬಹಳ ಹಿಡಿಸುವ ನಿಯಮ. ನಿಶ್ಚಿತಾರ್ಥ, ಪರೀಕ್ಷೆ, ರಿಲೀಸ್‌ಗಳು ಆಟಕ್ಕೆ ಅಡ್ಡಿಯಾಗುವ ಬದಲು ಆಟದ ಕಾಲವೇ ಆಗಿಬಿಡುತ್ತವೆ. ಅಲ್ಲಿ ಮಳೆಗಾಲ ಬಂತೆಂದರೆ ಇಲ್ಲೂ ಬಂದಿದೆ.

ಪುಟ ಕಳಿಸಿದವರ ಸಂಘ

ದಾಖಲೆ ಅಂದರೆ ಡಿಎಂನ ಲೆಕ್ಕಪುಸ್ತಕ ಮಾತ್ರವಲ್ಲ, ಓದಿಗೂ ಸಲ್ಲುವ ಬರಹ ಎಂದು ತೋರಿಸಿಕೊಟ್ಟವರು ಲೀ ಗೋಲ್ಡ್ ಎಂಬ ಹೆಣ್ಣುಮಗಳು. ಲಾಸ್ ಏಂಜಲಿಸ್‌ನ ಅವರು 1975ರ ಜೂನ್‌ನಲ್ಲಿ ‘ಅಲಾರಮ್ಸ್ ಅಂಡ್ ಎಕ್ಸ್‌ಕರ್ಷನ್ಸ್’ ಎಂಬ ಪತ್ರಿಕೆ ಶುರುಮಾಡಿದರು. ಅದು ನಡೆಯುತ್ತಿದ್ದ ಬಗೆಯೇ ಬೇರೆ. ಒಬ್ಬೊಬ್ಬ ಬರಹಗಾರ ತನ್ನ ಪುಟಗಳನ್ನು ತಾನೇ ಸಿದ್ಧಮಾಡಿ ಕಳಿಸಬೇಕು. ಗೋಲ್ಡ್ ಎಲ್ಲವನ್ನೂ ಒಟ್ಟುಗೂಡಿಸಿ ಎಲ್ಲರಿಗೂ ಅಂಚೆಯಲ್ಲಿ ಹಂಚುತ್ತಿದ್ದರು. ಒಬ್ಬರ ಪುಟಕ್ಕೆ ಇನ್ನೊಬ್ಬರು ಮುಂದಿನ ತಿಂಗಳು ಉತ್ತರ ಬರೆಯುವರು.

ಆ ಪುಟಗಳಲ್ಲಿ ನಿಯಮಗಳ ಚರ್ಚೆ ಇರುತ್ತಿತ್ತು. ಜೊತೆಗೆ ಆಡಿದ ಸೆಷನ್ನಿನ ಕಥೆ ಇರುತ್ತಿತ್ತು, ಎಷ್ಟೋ ಸಲ ಪಾತ್ರದ ಬಾಯಿಂದಲೇ ಹೇಳಿಸಿದ್ದು. ಮುಂದೆ ಆಟಗಳನ್ನು ರಚಿಸಿ ಹೆಸರು ಮಾಡಿದ ಹಲವರು ಬರೆಯಲು ಕಲಿತದ್ದು ಅಲ್ಲಿ. 2025ರಲ್ಲಿ ಪತ್ರಿಕೆ ನಿಂತಿತು. ಹೆಚ್ಚುಕಡಿಮೆ ಐವತ್ತು ವರ್ಷ, ಒಬ್ಬರೇ ಸಂಪಾದಕಿ! ಈ ಹವ್ಯಾಸದ ನೆನಪನ್ನು ಕಾಪಾಡಿದವರ ಪಟ್ಟಿಯಲ್ಲಿ ಗೈಗ್ಯಾಕ್ಸ್, ಆರ್ನೆಸನ್ ಪಕ್ಕದಲ್ಲೇ ನಿಲ್ಲಬೇಕಾದ ಹೆಸರು ಅದು.

ಹೀಗೆ ಬರೆದಿಟ್ಟದ್ದು ಮುಂದೆ ಪುಸ್ತಕವಾದದ್ದೂ ಉಂಟು. ಕೆನಡಾದ ಒಂಟಾರಿಯೊದಲ್ಲಿ ಗ್ರಂಥಾಲಯದ ಕೆಲಸಗಾರ ಎಡ್ ಗ್ರೀನ್‌ವುಡ್ ಇದ್ದ. ಬಾಲ್ಯದಲ್ಲೇ ಕಟ್ಟಿದ ಕಲ್ಪನಾಲೋಕವೊಂದನ್ನು ಆಮೇಲೆ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ (ಚಿಕ್ಕದಾಗಿ ಡಿ ಅಂಡ್ ಡಿ) ಆಟಕ್ಕೆ ಒಗ್ಗಿಸಿಕೊಂಡು, ಊರು, ಹೋಟೆಲು, ವಂಶಾವಳಿ, ಹಬ್ಬಹರಿದಿನ ಎಲ್ಲವನ್ನೂ ಬರೆದಿಟ್ಟಿದ್ದ. ಪ್ರಕಾಶಕರು ಅದನ್ನು ಕೊಂಡು 1987ರಲ್ಲಿ ‘ಫರ್ಗಾಟನ್ ರೆಲ್ಮ್ಸ್’ ಎಂದು ಹೊರತಂದರು. 2023ರಲ್ಲಿ ಕಂಪ್ಯೂಟರ್ ಆಟಗಾರರ ನಿದ್ದೆಗೆಡಿಸಿದ ‘ಬಾಲ್ಡರ್ಸ್ ಗೇಟ್ 3’ ಇದೆಯಲ್ಲ, ಆ ಊರು ಇರುವುದು ಆ ಲೋಕದಲ್ಲೇ.

ಜಪಾನಿನಲ್ಲಿ ಇನ್ನೂ ಬೆರಗಿನ ಸಂಗತಿ ನಡೆಯಿತು. 1986ರಲ್ಲಿ ‘ಕಾಂಪ್ಟಿಕ್’ ಎಂಬ ಕಂಪ್ಯೂಟರ್ ಪತ್ರಿಕೆ ಒಂದು ಡಿ ಅಂಡ್ ಡಿ ಕ್ಯಾಂಪೇನನ್ನು ಇದ್ದದ್ದು ಇದ್ದ ಹಾಗೆ, ಆಟಗಾರರ ಮಾತುಕತೆ ಸಮೇತ, ಕಂತು ಕಂತಾಗಿ ಅಚ್ಚುಹಾಕಿತು. ಆಟ ನಡೆಸಿದವ ರ್‍ಯೊ ಮಿಜುನೊ. ಓದುಗರು ಧಾರಾವಾಹಿಯಂತೆ ಕಾದು ಓದಿದರು. ಅದರಿಂದ ‘ರೆಕಾರ್ಡ್ ಆಫ್ ಲೋಡಸ್ ವಾರ್’ ಎಂಬ ಕಾದಂಬರಿ ಸರಣಿ, ಆಮೇಲೆ ಅನಿಮೆ ಬಂತು. ಅದರ ಪ್ರಸಿದ್ಧ ಎಲ್ಫ್ ಕನ್ಯೆ ಡೀಡ್ಲಿಟ್‌ಳನ್ನು ಆ ಮೇಜಿನಲ್ಲಿ ಆಡಿದ್ದವನು ಹಿರೋಶಿ ಯಮಮೊಟೊ ಎಂಬ ಲೇಖಕ. ಸೆಷನ್ನಿನ ಲಿಖಿತರೂಪಕ್ಕೆ ಅಲ್ಲಿ ‘ರಿಪ್ಲೇ’ ಎಂದು ಹೆಸರು. ಜಪಾನಿನ ಪುಸ್ತಕದಂಗಡಿಯಲ್ಲಿ ಅದೇ ಒಂದು ಪ್ರಕಾರ.

ಇಂಗ್ಲಿಷಿನಲ್ಲೂ ಆಟದಿಂದ ಕಾದಂಬರಿ ಹುಟ್ಟಿದ್ದುಂಟು. ರೇಮಂಡ್ ಫೀಸ್ಟ್‌ನ 1982ರ ‘ಮೆಜೀಶಿಯನ್’ ಕಾದಂಬರಿಯ ಲೋಕ ಸ್ಯಾನ್ ಡಿಯೇಗೊದ ಗೆಳೆಯರ ಆಟದಿಂದ ಬಂದದ್ದು. ಹತ್ತು ಸಂಪುಟಗಳ ‘ಮಲಾಜನ್’ ಸರಣಿಯ ಲೋಕವನ್ನು ಸ್ಟೀವನ್ ಎರಿಕ್ಸನ್ ಮತ್ತು ಇಯಾನ್ ಎಸಲ್‌ಮಾಂಟ್ ಮೊದಲು ಕಟ್ಟಿದ್ದು ಆಟವಾಗಿ. ಇಬ್ಬರೂ ಪುರಾತತ್ವ ಓದಿದವರು. ಅಳಿದುಹೋದ ಊರುಗಳ ಚೂರುಗಳಿಂದ ಕಥೆ ಜೋಡಿಸುವ ಕಣ್ಣು ಅವರ ಪುಟಗಳಲ್ಲಿ ಎದ್ದು ಕಾಣುತ್ತದೆ.

ವಿಚಿತ್ರವಾದದ್ದೇ ಮೊದಲು ಮರೆತುಹೋಗುತ್ತದೆ

ಅಜ್ಜಿಗೆ ಕೊಟ್ಟ ಮಾತು ನಮ್ಮ ಐವರ ತಲೆಯಿಂದ ಜಾರಿದ್ದೇಕೆ?

1932ರಲ್ಲಿ ಕೇಂಬ್ರಿಡ್ಜ್‌ನ ಮನಃಶಾಸ್ತ್ರಜ್ಞ ಫ್ರೆಡರಿಕ್ ಬಾರ್ಟ್‌ಲೆಟ್ ನೆನಪಿನ ಬಗ್ಗೆ ಒಂದು ಪುಸ್ತಕ ಪ್ರಕಟಿಸಿದ. ಉತ್ತರ ಅಮೆರಿಕದ ಮೂಲನಿವಾಸಿಗಳ ಕಥೆಯೊಂದನ್ನು ಇಂಗ್ಲಿಷ್ ಓದುಗರಿಗೆ ಕೊಟ್ಟು, ದಿನಗಳು, ತಿಂಗಳುಗಳು ಕಳೆದಂತೆ ಮತ್ತೆ ಮತ್ತೆ ನೆನಪಿನಿಂದ ಬರೆಸಿದ್ದ. ಒಂದೊಂದು ಸಲಕ್ಕೂ ಕಥೆ ಚಿಕ್ಕದಾಯಿತು. ಅವರಿಗೆ ಅಪರಿಚಿತವಾದದ್ದೆಲ್ಲ ಉದುರಿತು ಅಥವಾ ಪರಿಚಿತವಾದದ್ದಾಗಿ ಬದಲಾಯಿತು. ಮೂಲನಿವಾಸಿಗಳ ಕನೂ ಬರೀ ದೋಣಿಯಾಯಿತು, ಸೀಲ್ ಬೇಟೆ ಮೀನು ಹಿಡಿಯುವುದಾಯಿತು.

ಆಟದಲ್ಲಿ ಆಗುವುದೂ ಇದೇ. ದೈತ್ಯನನ್ನು ತಳ್ಳಿದ್ದು ನೆನಪಿರುತ್ತದೆ, ಯಾಕೆಂದರೆ ಅಂಥದ್ದನ್ನು ನಾವು ನೂರು ಸಿನಿಮಾಗಳಲ್ಲಿ ನೋಡಿದ್ದೇವೆ. ದೋಣಿ ಅಜ್ಜಿ ಎಡಗೈಯಲ್ಲಿ ಮಾತ್ರ ಹುಟ್ಟು ಹಾಕುತ್ತಿದ್ದದ್ದು, ಹೆಸರು ಕೇಳಿದರೆ ಉತ್ತರಿಸದೆ ನದಿ ಕಡೆ ನೋಡಿದ್ದು ಹೋಗುತ್ತದೆ. ಈ ಲೋಕವನ್ನು ಬೇರೆಲ್ಲ ಲೋಕಗಳಿಂದ ಬೇರೆ ಮಾಡುವುದು ಆ ಚೂರುಗಳೇ. ಆದ್ದರಿಂದ ಬರೆಯಲು ಒಂದೇ ಸಾಲಿನ ಜಾಗವಿದ್ದರೆ ಹೊಡೆದಾಟವನ್ನು ಬಿಟ್ಟು ವಿಚಿತ್ರವಾದದ್ದನ್ನು ಬರೆಯಬೇಕು ಎನ್ನುವುದು ನನ್ನ ನಂಬಿಕೆ.

ಇನ್ನೊಂದು ಪ್ರಯೋಗವೂ ಇಲ್ಲಿ ಕೆಲಸಕ್ಕೆ ಬರುತ್ತದೆ. 2006ರಲ್ಲಿ ಅಮೆರಿಕದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕ್ ಪ್ರಕಟಿಸಿದ್ದು ಅದು. ಪಾಠವನ್ನು ಮತ್ತೆ ಮತ್ತೆ ಓದಿದ ವಿದ್ಯಾರ್ಥಿಗಳಿಗಿಂತ, ಓದಿದ್ದನ್ನು ನೆನಪಿನಿಂದ ಬರೆದ ವಿದ್ಯಾರ್ಥಿಗಳಿಗೆ ವಾರದ ನಂತರ ಹೆಚ್ಚು ನೆನಪಿತ್ತು. ಎಷ್ಟೋ ಗುಂಪುಗಳಲ್ಲಿ ಆಟದ ಶುರುವಿನಲ್ಲಿ ಡಿಎಂ ‘ಹಿಂದಿನ ಸಂಚಿಕೆಯಲ್ಲಿ’ ಎಂಬಂತೆ ಕಥೆ ಒಪ್ಪಿಸುತ್ತಾರೆ, ಆಟಗಾರರು ಫೋನ್ ನೋಡುತ್ತಾ ಹೂಂಗುಟ್ಟುತ್ತಾರೆ. ಬದಲಿಗೆ ಆಟಗಾರರೇ ಸರದಿಯಂತೆ ಹೇಳಬೇಕು. ತಡವರಿಸಲಿ, ಒಬ್ಬರನ್ನೊಬ್ಬರು ತಿದ್ದಲಿ. ಆ ಜಗಳದ ಹತ್ತು ನಿಮಿಷದಲ್ಲೇ ಎಲ್ಲರೂ ಆ ಲೋಕಕ್ಕೆ ಮರಳಿರುತ್ತಾರೆ. ಡಿಎಂಗೆ ಇನ್ನೂ ಒಂದು ಲಾಭವಿದೆ. ಆಟಗಾರರು ಯಾವುದನ್ನು ಮೊದಲು ಹೇಳುತ್ತಾರೋ ಅವರ ಆಸೆ ಅಲ್ಲೇ ಇದೆ.

ಏನನ್ನು ಬರೆಯಬೇಕು?

ಹೊಸ ಡಿಎಂಗಳು ಎಲ್ಲವನ್ನೂ ಬರೆಯಲು ಹೊರಡುತ್ತಾರೆ. ನೋಷನ್, ಒಬ್ಸಿಡಿಯನ್, ವರ್ಲ್ಡ್ ಆನ್ವಿಲ್‌ನಂಥ ತಂತ್ರಾಂಶಗಳಲ್ಲಿ ರಾಜವಂಶಗಳಿಗೊಂದು ಪುಟ, ನಾಣ್ಯಗಳಿಗೊಂದು ಪುಟ, ದೇವತೆಗಳಿಗೊಂದು ಪುಟ. ಆ ಸಂತೋಷವೇ ಬೇರೆ, ಅದನ್ನು ಕಡಿಮೆಯೆಂದು ನಾನು ಹೇಳಲಾರೆ. ಆದರೆ ಭಾನುವಾರ ಸಂಜೆ ಮೇಜಿನ ಮೇಲೆ ಕೆಲಸಕ್ಕೆ ಬರುವುದು ಒಂದು ಹಾಳೆ ಮಾತ್ರ.

ಮೈಕ್ ಶೇ ಎಂಬ ಅಮೆರಿಕದ ಬರಹಗಾರ 2018ರಲ್ಲಿ ‘ರಿಟರ್ನ್ ಆಫ್ ದಿ ಲೇಜಿ ಡಂಜನ್ ಮಾಸ್ಟರ್’ ಎಂಬ ಪುಸ್ತಕದಲ್ಲಿ ಇದನ್ನೇ ಗಟ್ಟಿಯಾಗಿ ಹೇಳಿದ. ತಯಾರಿಯ ಮೊದಲ ಹೆಜ್ಜೆಯಾಗಿ ಅವನು ಇಡುವುದು ಆಟಗಾರರ ಪಾತ್ರಗಳನ್ನು ಮತ್ತೊಮ್ಮೆ ಕಣ್ಣಾಡಿಸುವುದನ್ನು. ಕಥೆಯ ಮಾತು ಆಮೇಲೆ. ಯಾರು ಯಾರು, ಯಾರಿಗೆ ಏನು ಬೇಕು, ಇಷ್ಟು. ನಂತರ ಹತ್ತು ಗುಟ್ಟುಗಳನ್ನು ಬರೆದುಕೊಳ್ಳಬೇಕು. ಯಾವ ಗುಟ್ಟು ಎಲ್ಲಿ ಸಿಗುತ್ತದೆಂದು ಮಾತ್ರ ಬರೆಯಬಾರದು. ಆಟಗಾರರು ಎಲ್ಲಿ ಹುಡುಕಿದರೆ ಅಲ್ಲಿ ಸಿಕ್ಕಲಿ. ಹೊರಬರದೇ ಉಳಿದ ಗುಟ್ಟನ್ನು ಎಸೆದು ಮುಂದಿನ ವಾರ ಹೊಸ ಹತ್ತು ಬರೆದರಾಯಿತು. ಮೊದಲ ಸಲ ಓದಿದಾಗ ನನಗೆ ಒಪ್ಪಲು ಕಷ್ಟವಾಗಿತ್ತು. ನಮ್ಮ ಮೇಜಿನಲ್ಲಿ ನಡೆದದ್ದನ್ನು ನೋಡಿದ ಮೇಲೆ ಅವನ ಮಾತು ಸರಿಯೆನಿಸಿದೆ.

ಇನ್ನೊಂದು ಸಾಧನ ಗಡಿಯಾರ. ವಿನ್ಸೆಂಟ್ ಬೇಕರ್‌ನ ‘ಅಪೊಕ್ಯಾಲಿಪ್ಸ್ ವರ್ಲ್ಡ್’ ಎಂಬ ಆಟ 2010ರಲ್ಲಿ ಇದನ್ನು ಹೆಸರುವಾಸಿ ಮಾಡಿತು, ಜಾನ್ ಹಾರ್ಪರ್‌ನ ‘ಬ್ಲೇಡ್ಸ್ ಇನ್ ದಿ ಡಾರ್ಕ್’ 2017ರಲ್ಲಿ ಇನ್ನಷ್ಟು ಬೆಳೆಸಿತು. ಒಂದು ವೃತ್ತ ಬರೆದು ನಾಲ್ಕೋ ಆರೋ ಎಂಟೋ ತುಂಡು ಮಾಡಿ. ಪಕ್ಕದಲ್ಲಿ ‘ಅಣೆಕಟ್ಟು ಒಡೆಯುತ್ತದೆ’ ಎಂದು ಬರೆಯಿರಿ. ಆಟಗಾರರು ಬೇರೆಲ್ಲೋ ಕಾಲ ಕಳೆದಾಗಲೆಲ್ಲ ಒಂದೊಂದು ತುಂಡಿಗೆ ಬಣ್ಣ ತುಂಬಿ. ವೃತ್ತ ತುಂಬಿದ ದಿನ ಅಣೆಕಟ್ಟು ಒಡೆದೇ ಒಡೆಯುತ್ತದೆ. ಬ್ಲ್ಯಾಕ್‌ಮೂರ್ ಕೋಟೆ ಬಿದ್ದ ಹಾಗೆ ಜಗತ್ತು ತನ್ನ ಪಾಡಿಗೆ ನಡೆಯಲು ಅಷ್ಟು ಸಾಕು, ಪುಟಗಟ್ಟಲೆ ಇತಿಹಾಸ ಬೇಕಿಲ್ಲ.

> ಒಂದು ಹಾಳೆಯ ಮಾದರಿ
>
> ಅಲ್ಲಿಯ ತಾರೀಖು: ಹುಣ್ಣಿಮೆಗೆ ನಾಲ್ಕು ದಿನ. ಮೋಡ.
> ಎಲ್ಲಿದ್ದಾರೆ: ಸೇತುವೆ ದಾಟಿಲ್ಲ. ಯೋಧನ ಬಲಗೈಗೆ ಗಾಯ.
> ಕೊಟ್ಟ ಮಾತು: ಕಳ್ಳಿ, ದೋಣಿ ಅಜ್ಜಿಗೆ. ಮಗ, ಹುಣ್ಣಿಮೆಯೊಳಗೆ.
> ನಾನು ಆಟದ ಭರದಲ್ಲಿ ಕಟ್ಟಿದ ಹೆಸರು: ಸುಂಕದವನು ಬೊಮ್ಮ. ತೊದಲುತ್ತಾನೆ.
> ಅವರಿಗೆ ಗೊತ್ತಿಲ್ಲದ್ದು: ಮಗ ತಾನಾಗಿಯೇ ಹೋದವನು.
> ಗಡಿಯಾರ: ಅಣೆಕಟ್ಟು, ಆರರಲ್ಲಿ ಮೂರು.
> ಯಾರು ಯಾವುದಕ್ಕೆ ನಕ್ಕರು: ಬೊಮ್ಮನ ಕತ್ತೆಗೆ ಎಲ್ಲರೂ. ಕತ್ತೆ ಮತ್ತೆ ಬರಲಿ.

ಇದು ನಮ್ಮ ಡಿಎಂ ಬರೆಯುವ ಬಗೆ. ಆಟ ಮುಗಿದ ರಾತ್ರಿಯೇ, ಮಲಗುವ ಮೊದಲು, ಮೇಜು ಒರೆಸುವುದಕ್ಕೂ ಮುಂಚೆ ಬರೆಯುತ್ತಾಳೆ. ಮಾರನೇ ದಿನಕ್ಕೆ ಬಿಟ್ಟರೆ ಆಫೀಸು ಅದನ್ನು ಅಳಿಸಿಬಿಡುತ್ತದೆ ಎನ್ನುತ್ತಾಳೆ. ಈ ಹಾಳೆಯಲ್ಲಿ ನನಗೆ ಅತಿ ಮುಖ್ಯವೆನಿಸುವುದು ನಾಲ್ಕನೇ ಸಾಲು. ಆಟಗಾರ ದಿಢೀರನೆ “ಸುಂಕದವನ ಹೆಸರೇನು?” ಎಂದು ಕೇಳಿದಾಗ ಡಿಎಂ ತಕ್ಷಣ ಏನೋ ಒಂದು ಹೇಳುತ್ತಾರೆ. ಮುಂದಿನ ಸಲ ಅವನು ಬೊಮ್ಮನ ಬದಲು ಭೀಮನಾದರೆ ಇಡೀ ಊರು ಸುಳ್ಳಾಗುತ್ತದೆ. ಅದೇ ಬೊಮ್ಮ, ಅದೇ ತೊದಲು, ಅದೇ ಕತ್ತೆ ಮೂರು ತಿಂಗಳ ನಂತರವೂ ಅಲ್ಲೇ ಇದ್ದರೆ ಆ ಊರು ಇದೆ ಎಂದು ಮನಸ್ಸು ಒಪ್ಪುತ್ತದೆ.

ಆಟಗಾರರ ಪಾಲಿನ ಬರಹ ವಾಟ್ಸ್ಆ್ಯಪ್ ಗುಂಪಿನಲ್ಲಿ ನಡೆಯುತ್ತದೆ. ನಮ್ಮಲ್ಲಿ ಪುರೋಹಿತನ ಪಾತ್ರ ಆಡುವವನು ತನ್ನ ದೇವರಿಗೆ ಕಾಗದ ಬರೆಯುತ್ತಾನೆ. ಯೋಧನದು ಬರೀ ಖರ್ಚಿನ ಪಟ್ಟಿ: ಹಗ್ಗ, ಎಣ್ಣೆ, ಕುದುರೆಗೆ ಹುಲ್ಲು. ಎರಡನ್ನೂ ಓದಿದರೆ ಒಂದೇ ಸಂಜೆ ಇಬ್ಬರಿಗೆ ಎಷ್ಟು ಬೇರೆಯಾಗಿತ್ತೆಂದು ತಿಳಿಯುತ್ತದೆ. ಒಂದೇ ಅಧಿಕೃತ ವರದಿ ಇರಬೇಕೆಂಬ ಹಟ ಒಳ್ಳೆಯದಲ್ಲ. ಡಿಎಂ ಹಾಳೆ ನಿಜವನ್ನು ಕಾಯಲಿ, ಉಳಿದವರು ತಮಗೆ ಕಂಡದ್ದನ್ನು ಬರೆಯಲಿ.

ಯಂತ್ರ ಕೇಳಿಸಿಕೊಳ್ಳುತ್ತದೆ, ಆದರೆ...

2015ರ ಮಾರ್ಚ್‌ನಲ್ಲಿ ಕಂಠದಾನ ಕಲಾವಿದರ ಗೆಳೆಯರ ಗುಂಪೊಂದು ತಮ್ಮ ಮನೆಯ ಆಟವನ್ನು ಅಂತರ್ಜಾಲದಲ್ಲಿ ನೇರಪ್ರಸಾರ ಮಾಡಲು ಶುರುಮಾಡಿತು. ಅದೇ ‘ಕ್ರಿಟಿಕಲ್ ರೋಲ್’. ಅವರ ಮೊದಲ ಕ್ಯಾಂಪೇನಿನ ಪ್ರಸಾರವೇ 115 ಕಂತು, ಒಂದೊಂದೂ ಮೂರು ನಾಲ್ಕು ಗಂಟೆ. ಅಭಿಮಾನಿಗಳು ಕೂತು ಬಿದ್ದ ದಾಳಗಳನ್ನೆಲ್ಲ ಲೆಕ್ಕವಿಟ್ಟರು, ಮಾತುಗಳನ್ನು ಬರಹಕ್ಕಿಳಿಸಿದರು. ಆಡಿದವರೇ ತಮ್ಮ ಕಥೆಯ ವಿವರಕ್ಕಾಗಿ ಅಭಿಮಾನಿಗಳ ದಾಖಲೆಯನ್ನು ನೋಡುವ ಕಾಲ ಬಂತು.

ಈಗ ಅಭಿಮಾನಿಗಳೂ ಬೇಕಿಲ್ಲ. ಫೋನ್ ಮೇಜಿನ ಮೇಲಿಟ್ಟರೆ ಕೃತಕ ಬುದ್ಧಿಮತ್ತೆಯ ತಂತ್ರಾಂಶ ನಾಲ್ಕು ಗಂಟೆಯ ಮಾತನ್ನೆಲ್ಲ ಬರೆದು, ಸಾರಾಂಶವನ್ನೂ ಕೊಡುತ್ತದೆ. ಗೆಳೆಯರ ಧ್ವನಿ ದಾಖಲಿಸುವ ಮೊದಲು ಎಲ್ಲರ ಒಪ್ಪಿಗೆ ಪಡೆಯಲೇಬೇಕು, ಆ ಮಾತು ಬೇರೆ. ಕಣ್ಣು ಕಾಣದವರಿಗೆ, ಬರೆಯಲು ಕಷ್ಟವಿರುವವರಿಗೆ, ತಿಂಗಳುಗಟ್ಟಲೆ ಬರಲಾಗದವರಿಗೆ ಇದರಿಂದ ನಿಜವಾದ ಉಪಕಾರವಿದೆ. ಆದರೂ ನನ್ನ ಒಲವು ಕೈಬರಹದ ಕಡೆಗೇ. ಯಂತ್ರ ಮಾತನ್ನು ಹಿಡಿಯುತ್ತದೆ. ಅಜ್ಜಿ ಮಾತಾಡದೆ ನದಿಯ ಕಡೆ ನೋಡಿದಾಗ ಮೇಜಿನ ಸುತ್ತ ಎಲ್ಲರೂ ಸುಮ್ಮನಾದದ್ದು ಅದಕ್ಕೆ ಕೇಳಿಸದು. ಇದನ್ನು ಬರೆಯಬೇಕು, ಅದನ್ನು ಬಿಡಬೇಕು ಎಂದು ಆರಿಸುವಾಗಲೇ ಡಿಎಂ ಮುಂದಿನ ಸಂಜೆಯನ್ನು ಕಟ್ಟುತ್ತಿರುತ್ತಾಳೆ. ಆ ಆಯ್ಕೆಯನ್ನು ಬೇರೆಯವರಿಗೆ ಒಪ್ಪಿಸಿದರೆ ಆಟದ ಅರ್ಧವನ್ನೇ ಒಪ್ಪಿಸಿದಂತೆ.

> ಮರೆಯಲೇಬೇಕಾದ ಆಟ
>
> ಟಿಮ್ ಹಚಿಂಗ್ಸ್ ರಚಿಸಿದ ‘ಥೌಸಂಡ್ ಇಯರ್ ಓಲ್ಡ್ ವ್ಯಾಂಪೈರ್’ ಒಬ್ಬರೇ ಆಡುವ ಆಟ. ನೀವು ಸಾವಿರ ವರ್ಷ ಬದುಕುವ ರಕ್ತಪಿಶಾಚಿ. ತಲೆಯಲ್ಲಿ ಐದು ನೆನಪುಗಳಿಗಷ್ಟೇ ಜಾಗ, ಒಂದೊಂದರಲ್ಲಿ ಮೂರು ಅನುಭವ. ಹೊಸದಕ್ಕೆ ಜಾಗ ಬೇಕಾದರೆ ಹಳೆಯದೊಂದನ್ನು ಕೈಯಾರೆ ಹೊಡೆದುಹಾಕಬೇಕು. ಬೇಕಿದ್ದರೆ ಕೆಲವನ್ನು ದಿನಚರಿಯಲ್ಲಿ ಬರೆದಿಡಬಹುದು, ಆದರೆ ದಿನಚರಿಯೇ ಕಳೆದುಹೋಗಬಹುದು. ಬರೆಯುವುದೂ ಅಳಿಸುವುದೂ ಬಿಟ್ಟರೆ ಆ ಆಟದಲ್ಲಿ ಬೇರೇನೂ ಇಲ್ಲವೆನ್ನಬಹುದು.

ನೋಟ್‌ಬುಕ್ ಕೈಬದಲಾದಾಗ

ಕೆನಡಾದ ಲಂಡನ್ ಎಂಬ ಊರಿನಲ್ಲಿ ಇತಿಹಾಸದ ಪ್ರಾಧ್ಯಾಪಕ ರಾಬರ್ಟ್ ವಾರ್ಡ್‌ಹಾ 1982ರಲ್ಲಿ ಶುರುಮಾಡಿದ ಕ್ಯಾಂಪೇನನ್ನು ನಲವತ್ತಕ್ಕೂ ಹೆಚ್ಚು ವರ್ಷ ಅದೇ ಲೋಕದಲ್ಲಿ ನಡೆಸಿಕೊಂಡು ಬಂದಿದ್ದಾರೆ. ಹುಡುಗನಾಗಿದ್ದಾಗ ಆರಂಭಿಸಿದ ಆಟ ಅದು. ಅಷ್ಟು ಕಾಲ ಒಬ್ಬರೇ ನಡೆಸುವುದು ಅಪರೂಪ. ಸಾಮಾನ್ಯವಾಗಿ ಡಿಎಂಗೂ ಒಂದು ದಿನ ದಣಿವಾಗುತ್ತದೆ. ತಾನೂ ಮೇಜಿನ ಆಚೆ ಬದಿಗೆ ಕೂತು, ಮುಂದೇನೆಂದು ತಿಳಿಯದೆ ದಾಳ ಎಸೆಯಬೇಕು ಅನಿಸುತ್ತದೆ.

ಗೈಗ್ಯಾಕ್ಸ್‌ಗೂ ಹಾಗೆನಿಸಿತ್ತು. ರಾಬ್ ಕುಂಟ್ಜ್ ಎಂಬ ಹುಡುಗ ಅವನ ಮೇಜಿನ ಮೊದಮೊದಲ ಆಟಗಾರರಲ್ಲಿ ಒಬ್ಬ. ಮುಂದೆ ಕುಂಟ್ಜ್ ಗ್ರೇಹಾಕ್‌ನ ಜೊತೆ-ಡಿಎಂ ಆದ, ಗೈಗ್ಯಾಕ್ಸ್ ಅವನ ಮೇಜಿನಲ್ಲಿ ಮಾರ್ಡೆನ್‌ಕೈನನ್ ಎಂಬ ಮಂತ್ರವಾದಿಯಾಗಿ ಆಡಿದ. ಆ ಮಂತ್ರವಾದಿಯ ಹೆಸರು ಇಂದಿಗೂ ಡಿ ಅಂಡ್ ಡಿ ಪುಸ್ತಕಗಳ ಮಂತ್ರಗಳಿಗೆ ಅಂಟಿಕೊಂಡಿದೆ. ಇಬ್ಬರು ಒಂದೇ ಕೋಟೆಯನ್ನು ನಡೆಸಲು ಸಾಧ್ಯವಾಗುವುದು ಅದರ ನಕ್ಷೆಯೂ ಲೆಕ್ಕವೂ ಒಬ್ಬರ ತಲೆಯಲ್ಲೇ ಉಳಿಯದೆ ಕಾಗದದ ಮೇಲಿದ್ದಾಗ ಮಾತ್ರ.

ನಮ್ಮ ಗುಂಪಿನಲ್ಲೂ ಈ ದೀಪಾವಳಿಯ ನಂತರ ಯೋಧನ ಪಾತ್ರ ಆಡುವವನು ಡಿಎಂ ಆಗಲಿದ್ದಾನೆ. ನೋಟ್‌ಬುಕ್ ಈಗಾಗಲೇ ಅವನ ಮನೆ ಸೇರಿದೆ. ಸುಂಕದ ಬೊಮ್ಮನ ಬಗ್ಗೆ, ಅಣೆಕಟ್ಟಿನ ಬಗ್ಗೆ ಅವಳಿಗೆ ಫೋನ್ ಮೇಲೆ ಫೋನ್ ಮಾಡುತ್ತಿದ್ದಾನೆ. ಅವಳೋ ತನ್ನ ಹೊಸ ಪಾತ್ರವನ್ನು ಬರೆದು ಮುಗಿಸಿದ್ದಾಳೆ: ಊರು ಬಿಟ್ಟು ತಾನಾಗಿಯೇ ಹೋಗಿದ್ದ, ದೋಣಿ ಅಜ್ಜಿಯ ಮಗ.